ರಾತ್ರಿ ಮನೆಯೊಳಗೆ ಬಂದ ಹುಳು ಯಾವುದು? ಹೆಸರು ಹುಡುಕುವ ಮೊದಲು ನೋಡಬೇಕಾದ್ದು

ರಾತ್ರಿ ಹನ್ನೊಂದು ದಾಟಿತ್ತು. ಟ್ಯೂಬ್‌ಲೈಟಿನ ಕೆಳಗೆ ಗೋಡೆಯ ಮೇಲೆ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಹುಳುವೊಂದು ಕೂತಿತ್ತು. ಮೈಮೇಲೆ ಹಳದಿ-ಕಂದು ಪಟ್ಟೆ ಇದ್ದುದರಿಂದ ಮೊದಲ ನೋಟಕ್ಕೆ ಕಣಜ ಅನ್ನಿಸಿತು. ಹತ್ತಿರ ಹೋದರೆ ಮುಂಗಾಲೆರಡನ್ನೂ ಎದೆಯ ಮುಂದೆ ಮಡಚಿಕೊಂಡಿದೆ, ಥೇಟ್ ಮ್ಯಾಂಟಿಸ್ ಎಂಬ ಬೇಟೆ ಕೀಟದ ಹಾಗೆ. ರೆಕ್ಕೆಯೋ ಗಾಜಿನ ಹಾಗೆ, ಏರೋಪ್ಲೇನ್ ಚಿಟ್ಟೆಯ ರೆಕ್ಕೆಯಂತೆ ತುಂಬಾ ಗೆರೆಗೆರೆ. ಮನೆಯಲ್ಲಿದ್ದ ಮೂರು ಜನ ಮೂರು ಹೆಸರು ಹೇಳಿದೆವು. ಮೂರೂ ತಪ್ಪಾಗಿದ್ದವು.

ಆ ರಾತ್ರಿ ನಾವು ಮಾಡಿದ ತಪ್ಪನ್ನೇ ಹೆಚ್ಚಿನವರು ಮಾಡುತ್ತಾರೆ. ಹುಳು ಕಂಡ ಕೂಡಲೇ ಅದು ಯಾವುದರ ಹಾಗೆ ಕಾಣುತ್ತದೆ ಎಂದು ಯೋಚಿಸಿ, ಒಂದು ಹೆಸರಿಟ್ಟು, ಆಮೇಲೆ ಆ ಹೆಸರಿಗೆ ಹೊಂದುವ ಚಿತ್ರವನ್ನು ಫೋನಿನಲ್ಲಿ ಹುಡುಕುತ್ತೇವೆ. ಉಷ್ಣವಲಯದ ಕೀಟಗಳ ವಿಷಯದಲ್ಲಿ ಈ ದಾರಿ ಕೈಕೊಡುತ್ತದೆ. ಅಲ್ಲಿ ಒಂದು ಕೀಟ ಇನ್ನೊಂದರ ವೇಷ ಹಾಕುವುದು ತೀರಾ ಸಾಮಾನ್ಯ. ಬಣ್ಣ, ಆಕಾರ, ನಡಿಗೆ ಮೂರರಲ್ಲೂ ಮೋಸವಿರಬಹುದು. ಆದರೆ ಕಾಲಿನ ಲೆಕ್ಕ, ರೆಕ್ಕೆಯ ಕಟ್ಟು, ಬಾಯಿಯ ರಚನೆ ಅಷ್ಟು ಸುಲಭಕ್ಕೆ ಮೋಸ ಮಾಡುವುದಿಲ್ಲ. ಹೆಸರು ಕೊನೆಗೆ ಬರಲಿ. ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು: ಹೊಡೆಯಬೇಡಿ, ಉಜ್ಜಬೇಡಿ

ಇದು ಕೇವಲ ದಯೆಯ ಮಾತಲ್ಲ, ನಿಮ್ಮ ಚರ್ಮದ ಪ್ರಶ್ನೆಯೂ ಹೌದು. ದೀಪಕ್ಕೆ ಬರುವ ಹುಳುಗಳಲ್ಲಿ ಪೆಡರಸ್ ಎಂಬ ಪುಟ್ಟ ಜೀರುಂಡೆಯಿದೆ. ಉದ್ದ ಒಂದು ಸೆಂಟಿಮೀಟರಿಗೂ ಕಡಿಮೆ, ಮೈ ಸಪೂರ. ನೋಡಲು ದೊಡ್ಡ ಇರುವೆಯಂತೆ ಕಾಣುತ್ತದೆ. ತಲೆ ಕಪ್ಪು, ಕತ್ತು ಕಿತ್ತಳೆ, ನಡುವೆ ನೀಲಿ ಅಥವಾ ಹಸಿರು ಹೊಳಪಿನ ಗಿಡ್ಡ ರೆಕ್ಕೆಚಿಪ್ಪು, ಮತ್ತೆ ಕಿತ್ತಳೆ, ತುದಿಯಲ್ಲಿ ಮತ್ತೆ ಕಪ್ಪು. ನೈರೋಬಿ ಫ್ಲೈ ಎಂದು ಸುದ್ದಿಯಲ್ಲಿ ಬರುವುದು ಇದೇ ಗುಂಪಿನ ಹುಳು. ಹೆಸರಿನಲ್ಲಿ ಫ್ಲೈ ಇದ್ದರೂ ಅದು ನೊಣವಲ್ಲ. ಅದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಕತ್ತಿನ ಮೇಲೆ ಹರಿದಾಗ ನಾವು ತಟ್ಟನೆ ಒರೆಸಿಬಿಡುತ್ತೇವಲ್ಲ, ಆಗ ಅದರ ಮೈಯೊಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ಮೆತ್ತಿಕೊಳ್ಳುತ್ತದೆ. ತಕ್ಷಣ ಏನೂ ಗೊತ್ತಾಗುವುದಿಲ್ಲ. ಸುಮಾರು ಒಂದು ದಿನದ ಮೇಲೆ, ಒರೆಸಿದ ಗೆರೆಯುದ್ದಕ್ಕೂ ಚರ್ಮ ಕೆಂಪಾಗಿ, ಉರಿದು, ಗುಳ್ಳೆ ಏಳುತ್ತದೆ. ಮೊಣಕೈಯ ಮಡಿಕೆಯಲ್ಲಾದರೆ ಮಡಿಕೆಯ ಎರಡೂ ಬದಿಗೆ, ಕನ್ನಡಿಯಲ್ಲಿ ಕಂಡ ಹಾಗೆ, ಒಂದೇ ಆಕಾರದ ಗಾಯ ಮೂಡುತ್ತದೆ. ಹಿಂದಿನ ರಾತ್ರಿಯ ಹುಳು ಅಷ್ಟರಲ್ಲಿ ಮರೆತುಹೋಗಿರುವುದರಿಂದ, ಇದನ್ನು ಸರ್ಪಸುತ್ತು ಅಂದುಕೊಳ್ಳುವವರೂ ಇದ್ದಾರೆ.

ಹಾಗಾಗಿ ಮೈಮೇಲೆ ಏನೇ ಕೂತರೂ ಜೋರಾಗಿ ಊದಿ, ಇಲ್ಲವೇ ಒಂದು ಕಾಗದದ ತುದಿ ಹಿಡಿದು ಅದರ ಮೇಲೆ ಹತ್ತಿಸಿಕೊಳ್ಳಿ. ಒರೆಸಿಯೇಬಿಟ್ಟಿದ್ದರೆ ಆ ಜಾಗವನ್ನೂ ಕೈಯನ್ನೂ ಕೂಡಲೇ ಸಾಬೂನು ನೀರಿನಲ್ಲಿ ತೊಳೆಯಿರಿ. ತೊಳೆಯುವ ತನಕ ಆ ಕೈಯನ್ನು ಕಣ್ಣಿನ ಹತ್ತಿರ ಒಯ್ಯಬೇಡಿ. ಕಣ್ಣಿಗೆ ತಾಗಿದ್ದರೆ ವೈದ್ಯರಿಗೆ ತೋರಿಸಲು ಬೆಳಗಿನ ತನಕ ಕಾಯಬೇಡಿ.

ಇಂಥ ರಸಾಯನವಿರುವ ಹುಳು ಇನ್ನೂ ಇವೆ. ಬ್ಲಿಸ್ಟರ್ ಬೀಟಲ್ ಎಂಬ ಮೆದು ಮೈಯ ಜೀರುಂಡೆಗಳು ಕಾಲಿನ ಗೆಣ್ಣುಗಳಿಂದ ಕ್ಯಾಂಥರಿಡಿನ್ ಒಸರುತ್ತವೆ, ಅದರಿಂದಲೂ ಗುಳ್ಳೆ ಏಳುತ್ತದೆ. ದಕ್ಷಿಣ ಹಾಗೂ ಮಧ್ಯ ಅಮೆರಿಕದ ಹೈಲೀಸಿಯಾ ಪತಂಗಗಳ ಹೊಟ್ಟೆಯ ರೋಮ ಗಾಳಿಯಲ್ಲಿ ಹಾರಿ ಮೈಗೆ ತಾಗಿದರೂ ತುರಿಕೆ ಬರುತ್ತದೆ. ಗುರುತು ಹಿಡಿಯುವ ತನಕ ಬರಿಗೈ ಬೇಡ.

ಕಾಲು ಎಣಿಸಿ

ಇಷ್ಟು ಸರಳವಾದ ಕೆಲಸವನ್ನು ಗಾಬರಿಯಲ್ಲಿ ಯಾರೂ ಮಾಡುವುದಿಲ್ಲ. ಆರು ಕಾಲು, ತಲೆ-ಎದೆ-ಹೊಟ್ಟೆ ಎಂದು ಮೂರು ಭಾಗ, ಒಂದು ಜೊತೆ ಮೀಸೆ ಇದ್ದರೆ ಅದು ಕೀಟ. ಎಂಟು ಕಾಲಿದ್ದು ಮೀಸೆ ಇಲ್ಲದಿದ್ದರೆ ಜೇಡನ ಕುಲ. ಮೈಯ ಒಂದೊಂದು ಖಂಡಕ್ಕೆ ಒಂದು ಜೊತೆ ಕಾಲಿದ್ದರೆ ಜರಿ, ಹೆಚ್ಚಿನ ಖಂಡಗಳಲ್ಲಿ ಎರಡೆರಡು ಜೊತೆ ಇದ್ದರೆ ಸಹಸ್ರಪದಿ.

ಎಣಿಕೆ ತಪ್ಪಿಸುವ ಪ್ರಾಣಿಗಳೂ ಇವೆ, ಅವು ರಾತ್ರಿಯೇ ಬರುತ್ತವೆ. ಬಾಲವಿಲ್ಲದ ಚಾಟಿಚೇಳು ಎನ್ನಬಹುದಾದ ಆಂಬ್ಲಿಪಿಜಿಯನ್ನು ಗೋಡೆಯ ಮೇಲೆ ಕಂಡವರು ಅದನ್ನು ಮರೆಯಲಾರರು. ಚಪ್ಪಟೆ ಮೈ, ಏಡಿಯಂತೆ ಪಕ್ಕಕ್ಕೆ ಸರಿಯುವ ನಡಿಗೆ, ಮುಂದೆ ಮುಳ್ಳಿನ ಕೈಗಳು, ಜೊತೆಗೆ ಮೈಗಿಂತ ಎಷ್ಟೋ ಪಟ್ಟು ಉದ್ದದ, ಕೂದಲಿನಷ್ಟು ಸಣ್ಣ ಎರಡು ಮೀಸೆ. ಆ ಮೀಸೆಯೇ ಅದರ ಮೊದಲ ಜೊತೆ ಕಾಲು. ನಡೆಯುವುದು ಉಳಿದ ಆರು ಕಾಲಿನಲ್ಲಿ, ಆದ್ದರಿಂದ ಎಣಿಸಿದವರಿಗೂ ಕೀಟವೆಂದೇ ಅನ್ನಿಸುತ್ತದೆ. ಇದಕ್ಕೆ ವಿಷವೂ ಇಲ್ಲ, ಕೊಂಡಿಯೂ ಇಲ್ಲ. ನೋಡಲು ಇಷ್ಟು ಭಯಂಕರವಾಗಿದ್ದೂ ಇಷ್ಟು ಸಾಧುವಾದ ಇನ್ನೊಂದು ಪ್ರಾಣಿಯನ್ನು ನಾನು ಕಂಡಿಲ್ಲ. ಚೇಳೇ ಇರಬಹುದೆಂಬ ಅನುಮಾನವಿದ್ದರೆ ನೇರಳಾತೀತ ಟಾರ್ಚ್ ಬಿಟ್ಟು ನೋಡಿ. ಚೇಳಿನ ಮೈ ಹಸಿರು-ನೀಲಿಯಾಗಿ ಹೊಳೆಯುತ್ತದೆ.

ಡಬ್ಬಿ, ಕಾಗದ, ನಾಲ್ಕು ಫೋಟೋ

ಅಗಲ ಬಾಯಿಯ ಪಾರದರ್ಶಕ ಡಬ್ಬಿಯನ್ನು ಹುಳುವಿನ ಮೇಲೆ ಮೆಲ್ಲಗೆ ಬೋರಲು ಹಾಕಿ. ಗೋಡೆಗೂ ಡಬ್ಬಿಗೂ ನಡುವೆ ದಪ್ಪ ಕಾಗದ ತೂರಿಸಿ. ಕಾಲು ಸಿಕ್ಕಿಕೊಳ್ಳದ ಹಾಗೆ ಕಾಗದವನ್ನು ನಿಧಾನ ಸರಿಸಬೇಕು, ಅವಸರಪಟ್ಟರೆ ಗುರುತಿಗೆ ಬೇಕಾದ ಕಾಲೇ ಮುರಿಯುತ್ತದೆ. ದೊಡ್ಡ ಪತಂಗವನ್ನು ಮಾತ್ರ ಡಬ್ಬಿಗೆ ಹಾಕಬೇಡಿ. ಒದ್ದಾಡಿ ರೆಕ್ಕೆಯ ಮೇಲಿನ ಪುಡಿಯಂಥ ಹೊಟ್ಟು ಎಲ್ಲ ಉದುರಿಹೋಗುತ್ತದೆ, ಆ ಹೊಟ್ಟಿನಲ್ಲೇ ಅದರ ಗುರುತೆಲ್ಲ ಇರುವುದು. ಕೂತಲ್ಲೇ ಫೋಟೋ ತೆಗೆಯಿರಿ.

ನಾಲ್ಕು ಕೋನದ ಚಿತ್ರ ಬೇಕು: ನೇರ ಮೇಲಿನಿಂದ, ಪಕ್ಕದಿಂದ, ಮುಖದ ಎದುರಿನಿಂದ, ಗಾಜಿನ ಮೂಲಕ ಹೊಟ್ಟೆಯ ಕಡೆಯಿಂದ. ಎಲ್ಲರೂ ಬಿಡುವುದು ಕೊನೆಯದನ್ನು. ಬಾಯಿ ಕಾಣುವುದು ಅಲ್ಲೇ, ಹಾಗಾಗಿ ಎಷ್ಟೋ ಸಲ ಉತ್ತರವೂ ಅಲ್ಲೇ ಸಿಗುತ್ತದೆ. ಫೋನನ್ನು ಹುಳುವಿಗೆ ತೀರಾ ಒತ್ತಿ ಹಿಡಿದರೆ ಮಸುಕಾಗುತ್ತದೆ. ಒಂದು ಗೇಣು ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ, ಹುಳುವಿನ ಕಣ್ಣಿನ ಮೇಲೆ ಬೆರಳೊತ್ತಿ ಫೋಕಸ್ ಮಾಡಿ. ಫ್ಲ್ಯಾಷ್ ಬೇಡ, ಹೊಳಪು ಮೈಯ ಹುಳು ಬಿಳಿ ಚುಕ್ಕೆಯಾಗಿಬಿಡುತ್ತದೆ. ಟಾರ್ಚಿಗೆ ಟಿಶ್ಯೂ ಪೇಪರ್ ಮುಚ್ಚಿ ಪಕ್ಕದಿಂದ ಬೆಳಕು ಬಿಡಿ. ಹಿನ್ನೆಲೆಗೆ ಬಿಳಿ ಕಾಗದ, ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ಅಳತೆ ತಲೆಯಿಂದ ಹೊಟ್ಟೆಯ ತುದಿಗೆ, ಮೀಸೆ ಮತ್ತು ಕಾಲು ಲೆಕ್ಕಕ್ಕಿಲ್ಲ. ರೆಕ್ಕೆ ಹೊಟ್ಟೆಯನ್ನು ದಾಟಿದ್ದರೆ ಅದನ್ನು ಬೇರೆಯಾಗಿ ಬರೆದುಕೊಳ್ಳಿ.

ಒಂದು ಕ್ಷಣವೂ ನಿಲ್ಲದ ಹುಳುವಾದರೆ ಡಬ್ಬಿ ಸಮೇತ ಐದು ನಿಮಿಷ ಫ್ರಿಜ್ಜಿನ ಕೆಳಭಾಗದಲ್ಲಿಡಿ. ಫ್ರೀಜರಿನಲ್ಲಿ ಅಲ್ಲ. ಚಳಿಗೆ ನಿಧಾನವಾಗುತ್ತದೆ, ಹೊರಗೆ ತೆಗೆದ ಸ್ವಲ್ಪ ಹೊತ್ತಿಗೆ ಮತ್ತೆ ಚುರುಕಾಗುತ್ತದೆ. ದಿನಾಂಕ, ಗಂಟೆ, ಊರು, ಎಂಥ ದೀಪ, ಮಳೆ ಬಂದಿತ್ತೇ ಎಂಬುದನ್ನೂ ಆಗಲೇ ಬರೆದಿಡಿ.

ರೆಕ್ಕೆ: ಅರ್ಧ ಉತ್ತರ ಇಲ್ಲಿದೆ

ವಿಜ್ಞಾನ ಇಲ್ಲಿಯವರೆಗೆ ಹೆಸರಿಟ್ಟಿರುವ ಕೀಟಗಳು ಸುಮಾರು 10 ಲಕ್ಷ. ಅಷ್ಟನ್ನೂ ಒಂದು ಫೋಟೋ ಹಿಡಿದು ಜಾಲಾಡಲು ಆಗುವುದಿಲ್ಲ. ಆದರೆ ರೆಕ್ಕೆಯನ್ನು ಸರಿಯಾಗಿ ಓದಿದರೆ, ಒಂದೇ ನಿಮಿಷದಲ್ಲಿ ಆ ರಾಶಿಯ ದೊಡ್ಡ ಪಾಲನ್ನು ಪಕ್ಕಕ್ಕೆ ಸರಿಸಬಹುದು.

ಬೆನ್ನಿನ ಮೇಲೆ ಎರಡು ಗಟ್ಟಿ ಚಿಪ್ಪು ಒಂದಕ್ಕೊಂದು ಕೂಡಿ, ನಡುವೆ ಬೈತಲೆಯ ಹಾಗೆ ನೇರ ಗೆರೆ ಇದೆಯೇ? ಅದು ಜೀರುಂಡೆ, ದುಂಬಿಗಳ ಗುಂಪು. ಹೆಸರಿರುವ ಕೀಟಗಳಲ್ಲಿ ಸುಮಾರು 4 ಲಕ್ಷ ಇವೇ. ಕೊಂಬಿನ ದುಂಬಿ, ಮೈಗಿಂತ ಮೀಸೆಯೇ ಉದ್ದವಾದ ಲಾಂಗ್‌ಹಾರ್ನ್, ಬೋರಲು ಬಿದ್ದರೆ ಟಕ್ಕನೆ ಸದ್ದು ಮಾಡಿ ಚಿಮ್ಮುವ ಕ್ಲಿಕ್ ಬೀಟಲ್, ಮಿಂಚುಹುಳು ಎಲ್ಲವೂ ಇಲ್ಲಿ ಸೇರುತ್ತವೆ. ಪೆಡರಸ್ ಕೂಡ ಇಲ್ಲಿಯದೇ, ಆದರೆ ಅದರ ಚಿಪ್ಪು ಗಿಡ್ಡ, ಹೊಟ್ಟೆಯ ಬಹುಭಾಗ ಹೊರಗೆ. ಗಿಡ್ಡ ಚಿಪ್ಪಿದ್ದು ಬಾಲದಲ್ಲಿ ಇಕ್ಕಳವೂ ಇದ್ದರೆ ಅದು ಇಯರ್‌ವಿಗ್. ಅದು ಕಿವಿಗೆ ನುಗ್ಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ನೇರ ಗೆರೆಯ ಬದಲು ಹೆಗಲ ನಡುವೆ ಒಂದು ತ್ರಿಕೋನ, ಅದರ ಹಿಂದೆ ರೆಕ್ಕೆಗಳು ಒಂದರ ಮೇಲೊಂದು ಕತ್ತರಿಯಂತೆ ಹಾಯ್ದಿವೆಯೇ? ರೆಕ್ಕೆಯ ಮೇಲರ್ಧ ತೊಗಲಿನಂತೆ, ಕೆಳಗಿನ ತುದಿ ತೆಳು ಪೊರೆಯೇ? ಇದು ತಿಗಣೆಗಳ ಗುಂಪು. ಜೀರುಂಡೆಯನ್ನೂ ತಿಗಣೆಯನ್ನೂ ಬೇರೆ ಮಾಡಲು ಬಂದರೆ ರಾತ್ರಿಯ ಹುಳುಗಳ ಗೊಂದಲ ಎಷ್ಟೋ ಕಡಿಮೆಯಾಗುತ್ತದೆ. ಆದ್ದರಿಂದ ಈ ಗೆರೆ-ತ್ರಿಕೋನದ ವ್ಯತ್ಯಾಸವೊಂದನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಳ್ಳಿ.

ಎರಡೇ ರೆಕ್ಕೆ ಇದ್ದರೆ ಅದು ನೊಣ-ಸೊಳ್ಳೆಗಳ ಗುಂಪು. ಹಿಂದಿನ ರೆಕ್ಕೆಗಳ ಜಾಗದಲ್ಲಿ ಗುಂಡುಸೂಜಿಯಂಥ ಎರಡು ಪುಟ್ಟ ಕಡ್ಡಿಗಳಿರುತ್ತವೆ. ರಾಕ್ಷಸ ಸೊಳ್ಳೆ ಬಂದಿದೆ ಎಂದು ಜನ ಹೆದರುವ ಉದ್ದ ಕಾಲಿನ ಕ್ರೇನ್ ಫ್ಲೈ ಇದರಲ್ಲೊಂದು. ಅದು ರಕ್ತ ಹೀರುವುದಿಲ್ಲ.

ನಾಲ್ಕು ರೆಕ್ಕೆಗಳೂ ಒಂದೇ ಉದ್ದವಾಗಿ, ಮೈಗಿಂತ ತುಂಬಾ ನೀಳವಾಗಿ, ಮುಟ್ಟಿದರೆ ಕಳಚಿ ಬೀಳುತ್ತಿದ್ದರೆ ಅದು ಗೆದ್ದಲಿನ ಈಸಲು ಹುಳು. ರೆಕ್ಕೆಯ ಇರುವೆಗೆ ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು. ಸೊಂಟ ದಾರದಷ್ಟು ಸಣ್ಣ, ಮೀಸೆ ಮೊಣಕೈಯಂತೆ ಬಾಗಿರುತ್ತದೆ. ಗೆದ್ದಲಿಗೆ ಸೊಂಟವೇ ಇಲ್ಲ, ಮೀಸೆ ಮಣಿ ಪೋಣಿಸಿದಂತೆ ನೇರ. ಬೆಳಿಗ್ಗೆ ಕಿಟಕಿಯ ಬುಡದಲ್ಲಿ ಬರೀ ರೆಕ್ಕೆಗಳ ರಾಶಿ ಕಂಡರೆ, ಹುಳು ಕಾಣದಿದ್ದರೂ ಯಾರು ಬಂದಿದ್ದರೆಂದು ಹೇಳಬಹುದು. ಅವು ಹೊರಗಿನಿಂದ ದೀಪಕ್ಕೆ ಬಂದವೇ, ಮನೆಯ ಮರಮುಟ್ಟಿನೊಳಗಿಂದಲೇ ಎದ್ದವೇ ಎಂಬುದನ್ನು ಮಾತ್ರ ತಪ್ಪದೆ ಪರೀಕ್ಷಿಸಿ.

ಇನ್ನು ಗಾಜಿನ ರೆಕ್ಕೆ, ಬಲೆಯಂಥ ನರಗಳು. ನಮ್ಮ ಗೋಡೆಯ ಅತಿಥಿ ಬರುವುದು ಇಲ್ಲಿಗೆ. ರಾತ್ರಿ ದೀಪದ ಹತ್ತಿರ ಏರೋಪ್ಲೇನ್ ಚಿಟ್ಟೆಯಂಥದ್ದು ತಡವರಿಸುತ್ತ ಹಾರುತ್ತಿದ್ದರೆ ಅದರ ಮೀಸೆ ನೋಡಿ. ಏರೋಪ್ಲೇನ್ ಚಿಟ್ಟೆಯ ಮೀಸೆ ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ಮೀಸೆ ಎದ್ದು ಕಾಣುವಂತಿದ್ದು ತುದಿ ದಪ್ಪಗಾಗಿದ್ದರೆ ಅದು ಇರುವೆ ಸಿಂಹದ ಪ್ರೌಢಾವಸ್ಥೆ. ಮರಳಿನಲ್ಲಿ ಆಲಿಕೆಯಂಥ ಗುಂಡಿ ತೋಡಿ ಇರುವೆಗೆ ಹೊಂಚು ಹಾಕುವ ಆ ಮರಿಯೇ ರೆಕ್ಕೆ ಬಂದು ಹೀಗಾಗುತ್ತದೆ. ಅದೇ ಬಳಗದ ಇನ್ನೊಂದು ಹುಳು ಮ್ಯಾಂಟಿಸ್ಪಿಡ್, ನಮ್ಮ ಗೋಡೆಯ ಮೇಲೆ ಕೂತಿದ್ದು ಅದೇ.

ನಮ್ಮ ಹುಳುವಿನ ಮುಂಗಾಲು ನೋಡಿ ಮ್ಯಾಂಟಿಸ್ ಎಂದವರಿಗೆ ರೆಕ್ಕೆಯೇ ಉತ್ತರ ಕೊಟ್ಟಿತು. ಮ್ಯಾಂಟಿಸ್ಸಿನ ಮುಂದಿನ ರೆಕ್ಕೆ ತುಸು ತೊಗಲಿನಂತೆ ದಪ್ಪ, ಬೆನ್ನಿನ ಮೇಲೆ ಚಪ್ಪಟೆಯಾಗಿ ಮಡಚಿ ಕೂರುತ್ತದೆ. ಇದರ ನಾಲ್ಕೂ ರೆಕ್ಕೆಗಳು ಒಂದೇ ಬಗೆಯ ಗಾಜು, ಹೊಟ್ಟೆಯ ಮೇಲೆ ಮನೆಯ ಮಾಡಿನಂತೆ ಇಳಿಜಾರಾಗಿ ನಿಂತಿದ್ದವು. ಕಣಜ ಎಂದವರಿಗೂ ಅದೇ ಉತ್ತರ, ಏಕೆಂದರೆ ಕಣಜದ ರೆಕ್ಕೆಯಲ್ಲಿ ನರಗಳು ಕಡಿಮೆ, ಹಿಂದಿನ ರೆಕ್ಕೆ ಚಿಕ್ಕದು. ಬೇಟೆಯ ಮುಂಗಾಲು ಇದಕ್ಕೂ ಮ್ಯಾಂಟಿಸ್ಸಿಗೂ ಬೇರೆಬೇರೆ ವಂಶದಲ್ಲಿ ಬೇರೆಬೇರೆಯಾಗಿ ಹುಟ್ಟಿಕೊಂಡದ್ದು. ಒಂದೇ ಕೆಲಸಕ್ಕೆ ಪ್ರಕೃತಿ ಎರಡು ಸಲ ಒಂದೇ ಉಪಕರಣ ಮಾಡಿದೆ. ಪಟ್ಟೆ ಕಣಜದ್ದು, ಹಕ್ಕಿಗಳು ಹತ್ತಿರ ಸುಳಿಯದಿರಲಿ ಎಂಬ ವೇಷ. ಇದರ ಅನೇಕ ಜಾತಿಗಳ ಮರಿಗಳು ಜೇಡನ ಮೊಟ್ಟೆಚೀಲದೊಳಗೆ ಸೇರಿ ಮೊಟ್ಟೆಗಳನ್ನು ಹೀರಿ ಬೆಳೆಯುತ್ತವೆ. ಮನುಷ್ಯರಿಗೆ ಇದರಿಂದ ಏನೂ ತೊಂದರೆಯಿಲ್ಲ.

ನಿಜವಾದ ಕಣಜದ ಬಳಗವೂ ರಾತ್ರಿ ಬರುವುದುಂಟು. ಕಿತ್ತಳೆ-ಕಂದು ಬಣ್ಣ, ದೊಡ್ಡ ಕಪ್ಪು ಕಣ್ಣು, ಸದಾ ಅದುರುವ ಉದ್ದ ಮೀಸೆ, ಎರಡೂ ಬದಿಯಿಂದ ಒತ್ತಿ ಚಪ್ಪಟೆ ಮಾಡಿದಂಥ ಹೊಟ್ಟೆ ಇದ್ದರೆ ಅದು ಇಕ್ನ್ಯೂಮನ್ ಕಣಜ. ಹಿಡಿಯಲು ಹೋದರೆ ಇವುಗಳಲ್ಲಿ ಕೆಲವು ಚುಚ್ಚಬಲ್ಲವು.

ರೆಕ್ಕೆಯ ಮೇಲೆ ಹೊಟ್ಟು, ಬೆರಳಿಗೆ ಪುಡಿ ಅಂಟುತ್ತದೆ ಎಂದರೆ ಪತಂಗ ಅಥವಾ ಚಿಟ್ಟೆ. ರಾತ್ರಿಯಾದರೆ ಬಹುತೇಕ ಪತಂಗವೇ. ಗೋಡೆಯಗಲ ರೆಕ್ಕೆ ಹರಡಿ ಕೂತ ಅಟ್ಲಾಸ್ ಪತಂಗ ಏಷ್ಯಾದ ಕಾಡುಗಳದ್ದು, ರೆಕ್ಕೆಯಗಲ 25 ಸೆಂಟಿಮೀಟರಿನ ಹತ್ತಿರ ಹೋಗಬಹುದು, ರೆಕ್ಕೆಯ ತುದಿ ಹಾವಿನ ಹೆಡೆಯ ಪಕ್ಕನೋಟದಂತೆ. ಅದಕ್ಕೆ ಏನಾದರೂ ತಿನ್ನಲು ಇಡಬೇಕೆಂದು ನಿಮಗೆ ಅನ್ನಿಸಬಹುದು. ಬೇಡ, ಅದಕ್ಕೆ ಉಣ್ಣುವ ಬಾಯಿಯೇ ಇಲ್ಲ. ಮರಿಯಾಗಿದ್ದಾಗ ತಿಂದು ಕೂಡಿಟ್ಟದ್ದರಲ್ಲೇ ಕೆಲವು ದಿನ ಬದುಕಿ, ಜೊತೆ ಹುಡುಕಿ, ಮೊಟ್ಟೆಯಿಟ್ಟು ಮುಗಿಸುತ್ತದೆ. ಅದರ ಒಂದು ರಾತ್ರಿಯನ್ನು ನಮ್ಮ ಬಲ್ಬು ಕಸಿದುಕೊಂಡರೆ ಅದು ದೊಡ್ಡ ನಷ್ಟವೇ.

ರೆಕ್ಕೆಯೇ ಇಲ್ಲದಿದ್ದರೆ

ಮರಿಯಿರಬಹುದು. ತಿಗಣೆ, ಮಿಡತೆ, ಮ್ಯಾಂಟಿಸ್, ಜಿರಲೆಗಳ ಮರಿಗಳು ದೊಡ್ಡವುಗಳ ಹಾಗೆಯೇ ಇದ್ದು, ರೆಕ್ಕೆಯ ಜಾಗದಲ್ಲಿ ಪುಟ್ಟ ಮೊಗ್ಗಿನಂಥದ್ದಿರುತ್ತದೆ. ಮೊಗ್ಗು ಕಂಡರೆ ಅದನ್ನು ಜಾತಿಯ ಮಟ್ಟಕ್ಕೆ ಗುರುತಿಸುವ ಆಸೆ ಬಿಡುವುದೇ ಒಳ್ಳೆಯದು. ಅಪ್ಪಟ ಬಿಳಿ ಜಿರಲೆ ಸಿಕ್ಕಿದರೆ ಅದು ಅಪರೂಪದ ತಳಿಯಲ್ಲ. ಆಗಷ್ಟೇ ಪೊರೆ ಕಳಚಿದ್ದು, ಕೆಲವೇ ಗಂಟೆಗಳಲ್ಲಿ ಕಂದಾಗುತ್ತದೆ.

ಗೋಡೆಯ ಮೇಲೆ ಸಿಮೆಂಟಿನ ಚೂರೊಂದು ನಡೆಯುತ್ತಿದೆ ಎಂದು ಅನ್ನಿಸಿದ್ದುಂಟೇ? ಅದನ್ನು ಕೂತು ನೋಡಿ. ಸುಮಾರು ಒಂದು ಸೆಂಟಿಮೀಟರ್ ಉದ್ದದ, ಕುಂಬಳಬೀಜದ ಆಕಾರದ ಬೂದು ಚೀಲ. ಮರಳು, ದೂಳು, ನೂಲಿನ ಎಳೆಗಳನ್ನು ರೇಷ್ಮೆಯಲ್ಲಿ ಅಂಟಿಸಿ ಮಾಡಿದ್ದು. ಎರಡೂ ತುದಿಯಲ್ಲಿ ಸೀಳಿನಂಥ ಬಾಯಿ. ಸ್ವಲ್ಪ ಹೊತ್ತು ಅಲುಗಾಡದೆ ಇದ್ದರೆ ಒಂದು ತುದಿಯಿಂದ ಕಂದು ತಲೆಯ ಹುಳು ಇಣುಕಿ, ಗೋಡೆಯನ್ನು ಕಾಲಿನಲ್ಲಿ ಹಿಡಿದು, ಚೀಲವನ್ನು ತನ್ನ ಹಿಂದೆ ಎಳೆದುಕೊಳ್ಳುತ್ತದೆ. ಮುಟ್ಟಿದರೆ ಒಳಗೆ ಹೋಗಿ, ಚೀಲದೊಳಗೇ ತಿರುಗಿ, ಇನ್ನೊಂದು ತುದಿಯಿಂದ ತಲೆ ಹಾಕುತ್ತದೆ. ಇದು ಫೆರಿಯೋಕಾ ಎಂಬ ಪುಟ್ಟ ಪತಂಗದ ಮರಿ. ಜೇಡರ ಬಲೆಯ ಚೂರು, ಸತ್ತ ಹುಳು, ಉಣ್ಣೆಯ ಎಳೆ ಇದರ ಆಹಾರ. ಜೇಡರ ಬಲೆ ಗುಡಿಸಿ, ಉಣ್ಣೆಯ ಬಟ್ಟೆ ಮುಚ್ಚಿಟ್ಟರೆ ಸಾಕು.

ಬಾಯಿ: ಸೂಜಿಯೋ ಇಕ್ಕಳವೋ

ತಿಗಣೆ ಗುಂಪಿಗೆ ಬಂದು ನಿಂತಿದ್ದರೆ ಈಗ ಹೊಟ್ಟೆಯ ಕಡೆಯ ಫೋಟೋ ತೆರೆದು ನೋಡಿ. ತಲೆಯ ಕೆಳಗೆ ಮಡಚಿದ ಕೊಕ್ಕು ಕಾಣುತ್ತದೆ. ಕೊಕ್ಕು ದಪ್ಪವಾಗಿ ಬಿಲ್ಲಿನಂತೆ ಬಾಗಿದ್ದರೆ ಬೇರೆ ಕೀಟಗಳನ್ನು ಬೇಟೆಯಾಡುವ ಅಸಾಸಿನ್ ತಿಗಣೆ. ಅದು ಕೈಯಲ್ಲಿ ಹಿಡಿದರೆ ಚುಚ್ಚುತ್ತದೆ, ಬಹಳ ನೋವಾಗುತ್ತದೆ. ಕೊಕ್ಕು ನೀಳ ತಲೆಯ ಕೆಳಗೆ ತೆಳ್ಳಗೆ, ನೇರವಾಗಿ ಇದ್ದರೆ ರಕ್ತ ಹೀರುವ ಟ್ರೈಯಾಟೊಮಿನ್ ಇರಬಹುದು. ಜನ ಇದನ್ನು ಕಿಸ್ಸಿಂಗ್ ಬಗ್ ಎನ್ನುತ್ತಾರೆ, ಮಲಗಿದವರ ಮುಖದ ಬಳಿ ಕಚ್ಚುವುದರಿಂದ ಬಂದ ಹೆಸರು.

ನೀವು ಲ್ಯಾಟಿನ್ ಅಮೆರಿಕದಲ್ಲಿದ್ದರೆ ಇಲ್ಲಿ ಎಚ್ಚರ ಬೇಕು. ಅಲ್ಲಿ ಇದು ಚಾಗಸ್ ರೋಗ ಹರಡುತ್ತದೆ. ಬ್ರೆಜಿಲ್‌ನ ವೈದ್ಯ ಕಾರ್ಲೋಸ್ ಚಾಗಸ್ 1909ರಲ್ಲಿ ಈ ರೋಗವನ್ನು ವಿವರಿಸಿದರು. ರೋಗಾಣು ಇರುವುದು ಹುಳುವಿನ ಕೊಕ್ಕಿನಲ್ಲಲ್ಲ, ಹಿಕ್ಕೆಯಲ್ಲಿ. ಕಚ್ಚಿದ ಜಾಗದ ಪಕ್ಕದಲ್ಲೇ ಅದು ಹಿಕ್ಕೆ ಹಾಕುತ್ತದೆ, ತುರಿಸಿಕೊಂಡಾಗ ಗಾಯದೊಳಗೆ ಅಥವಾ ಕಣ್ಣಿಗೆ ಸೇರುತ್ತದೆ. ಹಾಗಾಗಿ ಇದನ್ನು ಜಜ್ಜಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಹಿಡಿದು, ಚೀಲವನ್ನು ಒಳಹೊರಗು ಮಾಡಿ ಗಂಟು ಹಾಕಿ ಫ್ರೀಜರಿನಲ್ಲಿಟ್ಟು, ಆರೋಗ್ಯ ಇಲಾಖೆಗೆ ತೋರಿಸಿ. ಅದು ಓಡಾಡಿದ ಜಾಗವನ್ನು ಬ್ಲೀಚ್ ದ್ರಾವಣದಲ್ಲಿ ಒರೆಸಿ.

ದೊಡ್ಡ ಜಿರಲೆ ಎಂದು ಪೊರಕೆ ಎತ್ತುವ ಮೊದಲು ಮುಂಗಾಲು, ಹಿಂಗಾಲು ಎರಡನ್ನೂ ನೋಡಿ. ಮುಂಗಾಲು ಕೊಕ್ಕೆಯಂತೆ ದಪ್ಪ, ಹಿಂಗಾಲು ದೋಣಿಯ ಹುಟ್ಟಿನಂತೆ ಚಪ್ಪಟೆ, ಬಾಲದಲ್ಲಿ ಉಸಿರಾಟಕ್ಕೆ ಎರಡು ಗಿಡ್ಡ ಪಟ್ಟಿ ಇದ್ದರೆ ಅದು ದೈತ್ಯ ನೀರುತಿಗಣೆ. ಕೊಳ, ಗದ್ದೆಗಳಿಂದ ಹಾರಿ ದೀಪಕ್ಕೆ ಬರುತ್ತದೆ. ಕೆಲವು ಜಾತಿಗಳು 10 ಸೆಂಟಿಮೀಟರ್ ದಾಟುತ್ತವೆ. ಸತ್ತಂತೆ ಬಿದ್ದಿರುತ್ತದೆ, ನಂಬಿ ಎತ್ತಿಕೊಂಡರೆ ಕಚ್ಚುತ್ತದೆ. ಮೀನು, ಕಪ್ಪೆಗಳನ್ನು ಹಿಡಿದು ತಿನ್ನುವ ಕೊಕ್ಕದು.

ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳಿ

ಎಳೆ ಹಸಿರು ಬಣ್ಣದ, ಚೆಂದದ ಹುಳುವೊಂದನ್ನು ಎಲೆಕೀಟವೆಂದು ಭಾವಿಸಿ ನೋಡಿದರೆ, ತಲೆಯನ್ನು ಮುಚ್ಚಿದ ಗುರಾಣಿ, ಹಿಂದಕ್ಕೆ ಬಾಗಿದ ಉದ್ದ ಮೀಸೆ, ಮುಳ್ಳು ಕಾಲು ಕಾಣುತ್ತವೆ. ಅದು ಜಿರಲೆಯೇ. ಪ್ಯಾಂಕ್ಲೋರಾ ಎಂಬ ಅಮೆರಿಕದ ಉಷ್ಣವಲಯದ ಹಸಿರು ಜಿರಲೆ ಹೊರಗಿನ ಗಿಡಮರಗಳಲ್ಲಿ ಬದುಕುವಂಥದ್ದು. ದೀಪಕ್ಕೆ ಬಂದರೂ ಮನೆಯಲ್ಲಿ ಸಂಸಾರ ಹೂಡುವುದಿಲ್ಲ. ಬಣ್ಣ ನೋಡಿದವರಿಗೆ ಅದು ಎಲೆ, ಗುರಾಣಿ ನೋಡಿದವರಿಗೆ ಜಿರಲೆ.

ಉಳಿದ ಕುರುಹುಗಳಲ್ಲಿ ಮುಂಗಾಲು ಸಲಿಕೆಯಂತಿದ್ದು ಮೈ ಮಕಮಲ್ಲಿನಂತಿದ್ದರೆ ನೆಲ ಕೊರೆಯುವ ಮೋಲ್ ಕ್ರಿಕೆಟ್. ಹಿಂದಿನ ತೊಡೆ ದಪ್ಪವಿದ್ದು, ಮೀಸೆ ಮೈಗಿಂತ ಉದ್ದವಿದ್ದರೆ ಚಿಮ್ಮಂಡೆ ಅಥವಾ ಎಲೆಮಿಡತೆ. ಇವಿಷ್ಟು ಸಾಕು.

ಈಗ ಹೆಸರು

ಗುಂಪು ಗೊತ್ತಾದ ಮೇಲೆ ಐನ್ಯಾಚುರಲಿಸ್ಟ್‌ನಂಥ ತಾಣಕ್ಕೆ ಚಿತ್ರ ಹಾಕಿ. ಇದು 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಶುರುವಾದದ್ದು, ಈಗ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಆ್ಯಪ್ ಮೊದಲು ಸೂಚಿಸುವ ಹೆಸರನ್ನು ಹಾಗೇ ಒಪ್ಪಬೇಡಿ. ಅದು ಚಿತ್ರದ ಹೋಲಿಕೆಯಿಂದ ಹೇಳುವ ಮಾತು, ಇನ್ನೊಂದು ಖಂಡದ ಹುಳುವನ್ನೂ ಧೈರ್ಯವಾಗಿ ಹೇಳಿಬಿಡುತ್ತದೆ. ಆ ಜಾತಿಯ ಹರಡಿಕೆಯ ನಕ್ಷೆ ತೆರೆದು ನಿಮ್ಮ ಪ್ರದೇಶ ಅದರೊಳಗಿದೆಯೇ ನೋಡಿ. ನೀವು ಎಣಿಸಿದ, ಅಳೆದ ಗುರುತುಗಳು ಹೊಂದುತ್ತವೆಯೇ ನೋಡಿ. ಹೊಂದದಿದ್ದರೆ ಗುಂಪಿನ ಮಟ್ಟದಲ್ಲೇ ಗುರುತು ಹಾಕಿ ಬಿಡಿ. ಆ ಗುಂಪನ್ನು ಅಭ್ಯಾಸ ಮಾಡಿದವರ ಕಣ್ಣಿಗೆ ಬೀಳಲು ಅದೇ ದಾರಿ.

ಜಾತಿಯ ಹೆಸರು ಸಿಗದಿದ್ದರೆ ಬೇಸರ ಬೇಡ. ಪತಂಗ, ಜೀರುಂಡೆಗಳಲ್ಲಿ ಎಷ್ಟೋ ಜಾತಿಗಳನ್ನು ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಬೇರೆ ಮಾಡಲು ತಜ್ಞರಿಗೂ ಆಗುವುದಿಲ್ಲ. ನಮ್ಮ ಮ್ಯಾಂಟಿಸ್ಪಿಡ್ ಕೂಡ ಕುಟುಂಬದ ಹೆಸರಿನಲ್ಲೇ ನಿಂತಿದೆ. ಹೊಟ್ಟೆಯ ಕಡೆಯ ಫೋಟೋ ಅಂದು ನಾನು ತೆಗೆದಿರಲಿಲ್ಲ.

ಸತ್ತು ಬಿದ್ದ ಹುಳು ಸಿಕ್ಕಿದರೆ ಎಸೆಯಬೇಡಿ. ಗಟ್ಟಿ ಮೈಯದನ್ನು ಒಣಗಿಸಿ ಪುಟ್ಟ ಡಬ್ಬಿಯಲ್ಲಿ, ಪತಂಗವನ್ನು ತ್ರಿಕೋನವಾಗಿ ಮಡಚಿದ ಕಾಗದದಲ್ಲಿ, ಮೆದು ಮೈಯದನ್ನು 70 ಶೇಕಡಾ ಆಲ್ಕೋಹಾಲಿನಲ್ಲಿ ಇಡಿ. ದಿನಾಂಕ ಮತ್ತು ಸ್ಥಳದ ಚೀಟಿ ಅದರ ಜೊತೆಗೇ ಇರಬೇಕು.

ಬಿಡುವುದು

ಒಂದು ಸಂದರ್ಭದಲ್ಲಿ ಮಾತ್ರ ಬಿಡಬೇಡಿ. ಪ್ರಯಾಣದ ಪೆಟ್ಟಿಗೆ, ಹೊರದೇಶದ ಹಣ್ಣು ಅಥವಾ ಮರದ ಪ್ಯಾಕಿಂಗಿನಿಂದ ಹೊರಬಂದ ಹುಳುವಾದರೆ ಅದನ್ನು ಮುಚ್ಚಿದ ಡಬ್ಬಿಯಲ್ಲೇ ಇಟ್ಟು ಕೃಷಿ ಇಲಾಖೆಗೋ ಸಸ್ಯ ಸಂಪರ್ಕತಡೆ ವಿಭಾಗಕ್ಕೋ ತಿಳಿಸಿ. ಏಷ್ಯಾದ ಲಾಂಗ್‌ಹಾರ್ನ್ ಜೀರುಂಡೆ ಅಮೆರಿಕ, ಯುರೋಪ್‌ಗಳಿಗೆ ಹೋಗಿ ಮರಗಳನ್ನು ಕೊಂದದ್ದು ಹೀಗೆ ಮರದ ಪೆಟ್ಟಿಗೆಗಳಲ್ಲಿ ಕೂತು ಪ್ರಯಾಣ ಮಾಡಿಯೇ.

ಉಳಿದವುಗಳನ್ನು ಅದೇ ರಾತ್ರಿ ಬಿಡಿ. ದೀಪದ ಕೆಳಗೆ ಬಿಟ್ಟರೆ ಮತ್ತೆ ಅಲ್ಲೇ ಸುತ್ತುತ್ತದೆ. ಹುಳುಗಳು ದೀಪಕ್ಕೆ ಯಾಕೆ ಸಿಕ್ಕಿಬೀಳುತ್ತವೆ ಎಂಬುದಕ್ಕೆ 2024ರಲ್ಲಿ ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಚೆನ್ನಾದ ವಿವರಣೆ ಕೊಟ್ಟಿದೆ. ಹಾರುವ ಕೀಟ ತನ್ನ ಬೆನ್ನನ್ನು ಸದಾ ಬೆಳಕಿನ ಕಡೆಗೆ ಇಟ್ಟುಕೊಳ್ಳುತ್ತದೆ. ಬೆಳಕೆಂದರೆ ಆಕಾಶ ಎಂದಿದ್ದ ಕಾಲದಲ್ಲಿ ಮೇಲು-ಕೆಳಗು ತಿಳಿಯಲು ಅದೇ ಆಧಾರ. ಬಲ್ಬಿನ ಪಕ್ಕ ಬಂದಾಗ ಅದು ಬಲ್ಬಿಗೆ ಬೆನ್ನು ತಿರುಗಿಸುತ್ತದೆ, ವಾಲುತ್ತದೆ, ಸುತ್ತುತ್ತದೆ, ಬೀಳುತ್ತದೆ. ಅಂದರೆ ಅದು ನಮ್ಮ ಮನೆಗೆ ಬರಬೇಕೆಂದು ಬಂದದ್ದಲ್ಲ, ದಾರಿ ತಪ್ಪಿ ಸಿಕ್ಕಿಬಿದ್ದದ್ದು.

ಹಾಗಾಗಿ ಮನೆಯ ದೀಪ, ಹೊರಗಿನ ದೀಪ ಎರಡನ್ನೂ ಆರಿಸಿ. ಡಬ್ಬಿಯನ್ನು ಗಿಡದ ಬುಡದ ಕತ್ತಲಲ್ಲಿ ಅಡ್ಡ ಮಲಗಿಸಿ, ಮುಚ್ಚಳ ತೆಗೆದು ದೂರ ಸರಿಯಿರಿ. ಫ್ರಿಜ್ಜಿನಲ್ಲಿಟ್ಟ ಹುಳುವಾದರೆ ಮೈ ಬೆಚ್ಚಗಾಗಲು ಹತ್ತು ನಿಮಿಷ ಬೇಕಾಗಬಹುದು. ಹೊರಡುವ ಮುನ್ನ ಕೆಲವು ಹುಳುಗಳು ರೆಕ್ಕೆಯನ್ನು ನಡುಗಿಸಿ ಮೈ ಕಾಯಿಸಿಕೊಳ್ಳುತ್ತವೆ, ಆಗ ಮುಟ್ಟಬೇಡಿ. ಬೆಳಿಗ್ಗೆ ಹೋಗಿ ಡಬ್ಬಿ ಖಾಲಿಯಾಗಿದೆಯೇ ನೋಡಿ, ತೊಳೆದು ಒಣಗಿಸಿ, ಕೈಗೆ ಸಿಗುವ ಜಾಗದಲ್ಲಿಡಿ.